ಬಾವಿಗೆ ಬೀಗ

"ಎತ್ತೇ ಕೊಡಾನ. ಮೀನಿನ ನಾತ ಮೂಗಿಗೆ ಹೊಡೀತಿದೆ. ನಾಳೆ ದೊಡ್ಡೋರು ಬರ್ತಾರೆ, ನಿನ್ನ ಕೊಳಕು ಕಾಲಿನ ಗುರುತು ನೋಡ್ಬೇಕಾ ಅವರು?"

ವಿಶ್ವವಿದ್ಯಾಲಯದ ಮೇಲ್ವಿಚಾರಕ ಬೂಟುಗಾಲಿನಲ್ಲೇ ಕೊಡವನ್ನು ಒದ್ದ. ಅದು ಬಾವಿಕಟ್ಟೆಯಿಂದ ಉರುಳಿ, ಅಜ್ಜಿಯ ಸೀರೆಯಂಚನ್ನು ನೆನೆಸಿ, ಬಾಯಿ ಮೇಲಾಗಿ ನಿಂತಿತು.

"ಸ್ವಾಮಿ, ಜಾಗ ತಗೊಳ್ಳೋವಾಗ ಬಾವಿ ಮಾತ್ರ ನಿಮ್ದೇ ಅಂತ ನಮಗೆ ಮಾತು ಕೊಟ್ಟಿದ್ರಲ್ಲ. ಇದು ನಮ್ಮಾವ ತೋಡಿದ್ದು."

"ಯಾವ ಮಾವಾನೇ? ಇಲ್ಲಿ ಇದ್ದಿದ್ದು ಬರೀ ಮರಳು. ನಮ್ಮ ಸ್ಥಾಪಕರು ತೋಡ್ಸಿದ ಬಾವಿ ಇದು. ನಾಳೆ ಕಲ್ಲು ನೆಡ್ತೀವಿ, ಅದ್ರಲ್ಲಿ ಬರ್ದಿರುತ್ತೆ. ಓದೋಕೆ ಬಂದ್ರೆ ಓದ್ಕೋ."

ಕೂಲಿಗಳು ಕಬ್ಬಿಣದ ಮುಚ್ಚಳ ಎಳೆದರು. ಪಂಪಿನ ಪೈಪಿಗೆಂದು ಒಂದು ಸಂದಿ ಬಿಟ್ಟು ಬಾವಿಯ ಬಾಯಿ ಮುಚ್ಚಿತು. ಮೇಲ್ವಿಚಾರಕ ಬೀಗ ಜಡಿದು, ಚಾವಿಯನ್ನು ಜೇಬಿಗಿಳಿಸಿ, ಹಿಂದೆ ನಿಂತಿದ್ದವನ ಕಡೆ ತಿರುಗಿದ.

"ನೋಡೋ, ನಿಮ್ಮಜ್ಜಿಗೆ ಬುದ್ಧಿ ಹೇಳು. ನಮ್ಮ ಉಪ್ಪು ತಿಂತಾ ಇದೀಯ. ಉಪ್ಪಿನ ಋಣ ಮರೀಬೇಡ."

ಹಾಗೆ ಹೇಳಿಸಿಕೊಂಡವನು ಅಲ್ಲಿನ ನೀರುಗಂಟಿ, ಅಜ್ಜಿಯ ಮೊಮ್ಮಗ. ಕೇರಿಯಲ್ಲಿ ಎಲ್ಲರೂ ಅವನನ್ನು ಇಂಟರ್ವಲ್ ಅಂತಲೇ ಕರೆಯುತ್ತಿದ್ದರು. ಯಾವ ಮಾತನ್ನೇ ಆಗಲಿ ಅರ್ಧ ಹೇಳಿ, ಸೊಂಟಕ್ಕೆ ಕೈಕೊಟ್ಟು, ಹೀರೋ ಥರ ದೂರ ನೋಡುತ್ತ ನಿಂತುಬಿಡುವ ಚಟ ಅವನಿಗೆ. ಈಗಲೂ "ಸಾರ್, ಈ ಬಾವಿಗೆ ಬೀಗ ಹಾಕಬಹುದು, ಆದ್ರೆ..." ಎಂದು ನಿಂತ.

"ಆದ್ರೆ ಏನೋ?"

ಮುಂದಿನ ಡೈಲಾಗು ಬಾಯಿಗೆ ಬರಲಿಲ್ಲ. ಕೆಲಸ ಹೋದರೆ ಮನೆಯ ಒಲೆ ಆರುತ್ತದೆ. "ಏನಿಲ್ಲ ಸಾರ್," ಎಂದು ಹಲ್ಲು ಕಿರಿದ. ಹಾಗೆ ಕಿರಿದದ್ದಕ್ಕೆ ಅವನ ಮೈಯೆಲ್ಲ ಉರಿಯಿತು.

ವಿಶ್ವವಿದ್ಯಾಲಯಕ್ಕೆ ಐವತ್ತು ತುಂಬುತ್ತಿತ್ತು. ದೋಣಿ ಎಳೆದಿಡುತ್ತಿದ್ದ ಕಡೆ ಗ್ರಂಥಾಲಯ, ಬಲೆ ಒಣಹಾಕುತ್ತಿದ್ದ ಕಡೆ ಹಾಸ್ಟೆಲ್ಲು. ಅಜ್ಜಿ ಮದುವೆಯಾಗಿ ಬಂದು ಕಾಲಿಟ್ಟ ಮನೆಯ ಮೇಲೆ ಈಗ ಇತಿಹಾಸ ವಿಭಾಗ ಕೂತಿತ್ತು. ಕೇರಿಯನ್ನು ಗೋಡೆಯಾಚೆ ತಳ್ಳಿದ್ದರು. ಅಲ್ಲಿನ ಬೋರಿನ ನೀರು ಅರ್ಧ ಸಮುದ್ರ, ಕುಡಿದಷ್ಟೂ ಬಾಯಾರಿಕೆ. ಗೋಡೆಯ ಒಡಕಿನಲ್ಲಿ ನುಸುಳಿ ಬಾವಿಗೆ ಬರುತ್ತಿದ್ದ ಹೆಂಗಸರಿಗೆ ಇದ್ದ ಸಿಹಿನೀರು ಅದೊಂದೇ.

ಸಂಜೆ ತಂಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬೋರಿನ ನೀರು ಕುಡಿಸಿದರೆ ಅದು ಕಕ್ಕಿಬಿಡುತ್ತಿತ್ತು.

"ಅಣ್ಣಾ, ಅಲ್ಲಿ ನೀರು ಬಿಡೋನು ನೀನೇ ತಾನೆ? ಹುಲ್ಲುಹಾಸಿಗೆ ಬಿಡ್ತೀಯ, ಕಾರು ತೊಳಿಯೋಕೆ ಬಿಡ್ತೀಯ. ನನ್ನ ಮಗೂಗೆ ಒಂದು ಲೋಟ ಬಿಡೋಕಾಗಲ್ವಾ?"

"ನೋಡ್ತಾ ಇರು. ನಾಳೆ ಅವರಿಗೆ ನೀರು ಕುಡಿಸ್ತೀನಿ, ಆಮೇಲೆ..."

"ಮಿಕ್ಕಿದ್ದು ಯಾವಾಗ ಹೇಳ್ತೀಯೋ ಮುಂಡೇದೇ," ಎಂದಳು ಅಜ್ಜಿ. "ನಾನು ಸತ್ತ ಮೇಲಾ?"



ಪಂಪ್‌ಹೌಸಿಗೆ ಎರಡು ಪೈಪು ಬರುತ್ತಿದ್ದವು. ಬಾವಿಯಿಂದ ಸಿಹಿನೀರು, ಸಮುದ್ರದಿಂದ ಉಪ್ಪುನೀರು. ಉಪ್ಪಿನದು ಲ್ಯಾಬಿನ ಗಾಜಿನ ತೊಟ್ಟಿಯ ಮೀನುಗಳಿಗೆ. ಆ ಮೀನುಗಳಿಗೆ ಬೇಕಾದ ನೀರು ದಿನಾ ತಪ್ಪದೆ ಸಿಗುತ್ತಿತ್ತು. ವಾಲ್ವು ತಿರುಗಿಸಲು ಇದ್ದದ್ದು ಮೊಳದುದ್ದದ ಒಂದೇ ಚಾವಿ, ಇಂಟರ್ವಲ್ಲಿನ ಸೊಂಟದಲ್ಲಿ. ಬೆಳಿಗ್ಗೆ ಅವನು ಸಿಹಿಯನ್ನು ಮುಚ್ಚಿ, ಸಭಾಂಗಣದ ತೊಟ್ಟಿಗೆ ಉಪ್ಪನ್ನು ತಿರುಗಿಸಿದ. ಆಮೇಲೆ ಬಾವಿಯ ಹತ್ತಿರ ಹೋಗಿ, ಮುಚ್ಚಳದ ಸಂದಿಯಲ್ಲಿ ಚಾವಿಯನ್ನು ಇಳಿಬಿಟ್ಟು ಕೈ ಸಡಿಲಿಸಿದ. ಗುಳುಂ ಎಂದ ಸದ್ದು ಅವನಿಗೆ ಹೀರೋ ಎಂಟ್ರಿಗೆ ಬೀಳುವ ಸೀಟಿಯ ಹಾಗೆ ಕೇಳಿಸಿತು.

ಸಭೆಯಲ್ಲಿ ಕುಲಪತಿಗಳು ಮೈಕಿನ ಮುಂದೆ ನಿಂತಿದ್ದರು. "ಐವತ್ತು ವರ್ಷಗಳ ಹಿಂದೆ ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದದ್ದು ಬರೀ ಮರಳು. ಅದರಲ್ಲಿ ನಮ್ಮ ಸ್ಥಾಪಕರು ಸಿಹಿನೀರು ಕಂಡರು. ಬನ್ನಿ, ಅದೇ ನೀರನ್ನು ಕುಡಿದು ಅವರನ್ನು ನೆನೆಯೋಣ."

ಎಲ್ಲರೂ ಲೋಟ ಎತ್ತಿದರು. ಮುಖ್ಯ ಅತಿಥಿ ಗಂಟಲಿಗೆ ಸುರಿದುಕೊಂಡವರು ಶಾಲಿನ ಮೇಲೇ ಉಗಿದರು. ಕುಲಪತಿಗಳ ಕೆಮ್ಮನ್ನು ಮೈಕು ಇಡೀ ಕ್ಯಾಂಪಸ್ಸಿಗೆ ಹಂಚಿತು. ಸಾಲುಸಾಲಾಗಿ ಜನ ಬಾಯಿ ಒರೆಸಿಕೊಳ್ಳುತ್ತ ಎದ್ದರು.

ಮೇಲ್ವಿಚಾರಕ ಓಡಿ ಬಂದಾಗ ಇಂಟರ್ವಲ್ ಬಾವಿಕಟ್ಟೆಯ ಮೇಲೆ ಕೂತಿದ್ದ. ಗೋಡೆಯ ಒಡಕಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದಿದ್ದರು, ಸೊಂಟದ ಮೇಲೆ ಖಾಲಿ ಕೊಡ. ಮುಂದೆ ಅಜ್ಜಿ. ಅವಳ ಕೊಡದ ಹೊಟ್ಟೆ ನಿನ್ನೆಯ ಒದೆತಕ್ಕೆ ನೆಗ್ಗಿತ್ತು.

"ಬೋಳಿಮಗನೇ, ಏನೋ ಕುಡಿಸ್ದೆ?" ಮೇಲ್ವಿಚಾರಕ ಅವನ ಕಾಲರ್ ಹಿಡಿದ.

"ನೀವೇ ಹೇಳಿದ್ರಲ್ಲ ಸಾರ್, ಉಪ್ಪಿನ ಋಣ ಅಂತ. ತೀರಿಸ್ದೆ. ಗೋಡೆ ಆಚೆ ನಾವು ದಿನಾ ಅರ್ಧ ಸಮುದ್ರ ಕುಡೀತೀವಿ, ನಿಮಗೆ ಪೂರ್ತಿ ಕೊಟ್ಟಿದೀನಿ."

"ವಾಲ್ವ್ ಚಾವಿ ಎಲ್ಲಿ?"

"ನನ್ನ ಚಾವಿ ಬಾವೀಲಿದೆ. ಬಾವಿ ಚಾವಿ ನಿಮ್ಮ ಜೇಬಲ್ಲಿದೆ. ಕೆಲ್ಸದಿಂದ ತೆಗೀರಿ, ಪೊಲೀಸಿಗೆ ಕೊಡಿ. ಆದ್ರೆ ಈ ಮುಚ್ಚಳ ತೆಗೆಯೋವರೆಗೂ ಅಲ್ಲಿ ಒಬ್ಬರ ಬಾಯಿಗೂ ಸಿಹಿನೀರು ಬೀಳಲ್ಲ. ತೆಗೆದ ಮೇಲೆ ಮತ್ತೆ ಮುಚ್ಚೋಕೆ ಇವರ್ಯಾರೂ ಬಿಡಲ್ಲ."

ಮಾತು ಮುಗಿದಿತ್ತು. ಈ ಸಲ ನಡುವೆ ಎಲ್ಲೂ ನಿಂತಿರಲಿಲ್ಲ.

ಕಪಾಳಕ್ಕೆ ಏಟು ಬಿತ್ತು. ಅವನು ಕಟ್ಟೆಯಿಂದ ಇಳಿಯಲಿಲ್ಲ. ಸಭಾಂಗಣದಲ್ಲಿ ಇನ್ನೂ ಯಾರೋ ನೀರು, ನೀರು ಎಂದು ಕೂಗುತ್ತಿದ್ದರು. ಅಜ್ಜಿ ನಡೆದುಬಂದು, ನೆಗ್ಗಿದ ಕೊಡವನ್ನು ಮುಚ್ಚಳದ ಮೇಲೆ ಠಣ್ಣನೆ ಕುಕ್ಕಿದಳು.

"ತೆಗಿಯೋ," ಎಂದಳು.

ಮೇಲ್ವಿಚಾರಕನ ಕೈ ಜೇಬಿನ ಮೇಲಿತ್ತು.