ದಿಬ್ಬದ ಆಚೆಯ ಔತಣ

ಸೊಣ್ಣಪ್ಪನ ತಾಯಿ ಅಶ್ವತ್ಥಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಬಂದದ್ದೆಲ್ಲ ಕಿವಿಯಿಂದ.

ಈಗ ಬಂಗಾರಪೇಟೆ ಎನ್ನುವ ಊರನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲ. ಅದರ ಪಕ್ಕದ ಹಳ್ಳಿಯಲ್ಲಿ ಮಳೆಗಾಲದ ಸಂಜೆಗಳಲ್ಲಿ ಪಟೇಲರ ಜಗಲಿಯ ಮೇಲೆ ಪುರಾಣ ಓದಿಸುವರು. ಜಗಲಿ ಹತ್ತುವ ಹಾಗಿಲ್ಲದ ಕೇರಿಯ ಹುಡುಗಿ ಅಶ್ವತ್ಥಮ್ಮ, ಕೊಟ್ಟಿಗೆಯ ಗೋಡೆಗೆ ಕಿವಿ ಹಚ್ಚಿ ನಿಂತು ಕೇಳುವಳು. ಕೇಳಿದ ಪದ್ಯ ಅವಳ ನಾಲಿಗೆಯ ಮೇಲೆ ಬಂದು ಕೂರುತ್ತಿತ್ತು. ಮುಂದೆ ಮದುವೆಯಾಗಿ, ಗಂಡನ ಜೊತೆ ಚಿನ್ನದ ಗಣಿಗೆ ಕೂಲಿಗೆ ಬಂದು, ದೀಕ್ಷಾಸ್ನಾನ ಪಡೆದ ಮೇಲೆ, ಅದೇ ಮಟ್ಟುಗಳಿಗೆ ಯೇಸುಸ್ವಾಮಿಯ ಕಥೆಯನ್ನು ಕೂಡಿಸಿದಳು. ಕಾನಾ ಊರಿನ ಮದುವೆ, ಹುಟ್ಟುಗುರುಡನ ಕಣ್ಣು, ಬಿರುಗಾಳಿಗೆ ಸಿಕ್ಕ ದೋಣಿ, ಕಲ್ಲು ಸರಿದ ಸಮಾಧಿ, ಎಲ್ಲವೂ ಪದಗಳಾದವು. ಗಣಿಯ ಪಕ್ಕದ ಮಾರಿಕುಪ್ಪದ ತಗಡಿನ ಪ್ರಾರ್ಥನಾಮಂದಿರದಲ್ಲಿ ಅವಳು ಬಾಯಿ ತೆರೆದರೆ ಹಸುಗೂಸುಗಳೂ ಅಳು ನಿಲ್ಲಿಸುತ್ತಿದ್ದವಂತೆ.

ಸಾಯುವ ಹೊತ್ತಿಗೆ ಆ ಪದಗಳನ್ನೆಲ್ಲ ಮಗನ ಬಾಯಿಗೆ ಹಾಕಿ ಹೋದಳು. ಅವನ ಗಂಟಲ ಮೇಲೆ ಕೈಯಿಟ್ಟು, "ಇದು ನಿಂದಲ್ಲ ಮಗಾ. ಮಡಗಿರು ಅಂತ ಕೊಟ್ಟಿರೋದು," ಎಂದಳು.

ಸೊಣ್ಣಪ್ಪನಿಗೆ ತಾಯಿಯ ಗಂಟಲೇ ಬಂದಿತ್ತು. ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸುವುದು ಅವನ ಕೆಲಸ. ಕಂಬ ಹೊರುವಾಗಲೂ ಗುನುಗುವನು. ಭಾನುವಾರ ಮಂದಿರದಲ್ಲಿ ಹಾಡುವನು. ಉಪದೇಶಿ ಶಾಂತಪ್ಪನವರು ಎಷ್ಟೋ ಸಲ, "ಆ ಪದಗಳನ್ನು ನಾಲ್ಕು ಜನಕ್ಕೆ ಕಲಿಸಪ್ಪ," ಎಂದು ಕೇಳಿದ್ದರು. ಸೊಣ್ಣಪ್ಪ ನಕ್ಕು ಜಾರಿಕೊಳ್ಳುತ್ತಿದ್ದ. ಎಲ್ಲರಿಗೂ ಬಂದುಬಿಟ್ಟರೆ ತನ್ನನ್ನು ಯಾರು ಕೇಳುತ್ತಾರೆ? ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿ ಕದಿರಮ್ಮನಿಗೆ ಮಾತ್ರ ಗೊತ್ತಿತ್ತು.

ಮಂದಿರಕ್ಕೂ ಅವನ ಮನೆಗೂ ನಡುವೆ ಸೈನೇಡ್ ದಿಬ್ಬ. ಕಲ್ಲನ್ನು ಹಿಟ್ಟು ಮಾಡಿ, ಚಿನ್ನ ತೆಗೆದು, ಉಳಿದ ಬಿಳಿ ಮಣ್ಣನ್ನು ಸುರಿದೂ ಸುರಿದೂ ಬೆಳೆದ ಗುಡ್ಡ. ಅದರ ಮೇಲೆ ಹುಲ್ಲು ಹುಟ್ಟದು, ಹಕ್ಕಿ ಕೂರದು. ಬೇಸಿಗೆಯ ಗಾಳಿಗೆ ಅದು ಮೈ ಕೊಡವಿಕೊಂಡರೆ ಊರಿಗೆ ಊರೇ ಬಿಳಿಚಿಕೊಳ್ಳುತ್ತಿತ್ತು.

ಅಂಥದೊಂದು ಭಾನುವಾರ, ಇಳಿಹೊತ್ತು. ಆರಾಧನೆ ಮುಗಿಸಿ ದಿಬ್ಬದ ಬುಡದಲ್ಲಿ ಬರುತ್ತಿದ್ದ ಸೊಣ್ಣಪ್ಪನನ್ನು ಧೂಳಿನೊಳಗಿಂದ ಯಾರೋ ಕರೆದರು.

"ಏನ್ಲಾ ಸೊಣ್ಣಾ, ಎಂಥಾ ಗಂಟಲಲಾ ನಿಂದು! ಆ ತಗಡಿನ ಕೆಳಗೆ ಮುದುಕೀರ್ ಮುಂದೆ ಯಾಕ್ಲಾ ಸವೆಸ್ತೀಯ?"

ಬಿಳಿ ಕೋಟು ತೊಟ್ಟ ಎತ್ತರದ ಆಳು. ರೆಪ್ಪೆಯ ಮೇಲೂ ಬಿಳಿ ಪುಡಿ. ಯಾವುದೋ ಗಣಿಯ ಮೇಸ್ತ್ರಿ ಇರಬೇಕು ಎಂದುಕೊಂಡ ಸೊಣ್ಣಪ್ಪ. ಆ ಗಾಳಿಗೆ ತನ್ನ ಪಂಚೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ ಮೇಸ್ತ್ರಿಯ ಕೋಟಿನ ಅಂಚು ಅಲ್ಲಾಡುತ್ತಿರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

"ಬಾರ್ಲಾ, ಅಲ್ಲೇ ದಿಬ್ಬದ ಆಚೆ ಊಟ ಮಡಗಿದೀವಿ. ಕೇಳೋ ಕಿವಿ ಇರೋ ಜನ ಕಾಯ್ತಾವ್ರೆ."

ಆಚೆ ನಿಜವಾಗಿಯೂ ಚಪ್ಪರವಿತ್ತು. ಹಗಲಲ್ಲೇ ದೀಪ ಹಚ್ಚಿದ್ದರು. ಸಾಲು ಸಾಲು ಜನ, ಬಾಳೆಲೆ, ತುಪ್ಪದ ಘಮ, ಪನ್ನೀರು. ಧೂಳಿನ ಮಬ್ಬಿನಲ್ಲಿ ಯಾರ ಮುಖವೂ ನಿಚ್ಚಳವಾಗಿ ಕಾಣಲಿಲ್ಲ. ಸೊಣ್ಣಪ್ಪ ಎಲೆಯ ಮುಂದೆ ಕುಳಿತ. ಅವನ ಕೈ ಒಂದು ಗಳಿಗೆ ಎಲೆಯ ಮೇಲೆ ನಿಂತಿತು. ಚಿಕ್ಕಂದಿನ ಅಭ್ಯಾಸ ಅದು. ಊಟದ ಮುಂಚೆ ತಾನೇ ಕಟ್ಟಿದ ಪುಟ್ಟ ಪ್ರಾರ್ಥನೆ, ಅಂಬಲಿಯ ಪದ ಹೇಳದೆ ತುತ್ತು ಮುಟ್ಟಿದರೆ ತಾಯಿ ಕೈಗೊಂದು ಕೊಡುತ್ತಿದ್ದಳು. ಸುತ್ತ ಯಾರೂ ಕಣ್ಣು ಮುಚ್ಚಿರಲಿಲ್ಲ. ಇಷ್ಟು ದೊಡ್ಡ ಜನರ ನಡುವೆ ಅಂಬಲಿಯ ಪದವೇ ಎಂದು ಅವನಿಗೆ ನಾಚಿಕೆಯಾಯಿತು. ಉಂಡ.

ಊಟವಾದ ಮೇಲೆ ಮೇಸ್ತ್ರಿ, "ಆ ಮದುವೆ ಪದದ ಮಟ್ಟು ಐತಲ್ಲ, ಅದ್ನ ಆಡು. ಮಾತು ಮಾತ್ರ ನಮ್ದು ಆಕು," ಎಂದು ಕಿವಿಯಲ್ಲಿ ಬೇರೆ ಮಾತುಗಳನ್ನು ಹೇಳಿಕೊಟ್ಟ. ಕಳ್ಳು, ಹೆಣ್ಣು, ಹೂವಿನ ಹಾಸಿಗೆ. ಸೊಣ್ಣಪ್ಪ ಹಾಡಿದ. ಜನ ಉಸಿರು ಹಿಡಿದು ಕೇಳಿದರು. ಹುಟ್ಟಿದಾಗಿನಿಂದ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಎದೆ ಹಿಗ್ಗಿ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದರೆ ಕದಿರಮ್ಮ ದಿಟ್ಟಿಸಿ ನೋಡಿದಳು. "ಎಲ್ಲಿ ಮೇದು ಬಂದೆ? ತುಟಿಯೆಲ್ಲಾ ಸುಣ್ಣ ಬಳಕೊಂಡಂಗೈತೆ."

"ದೊಡ್ಡೋರ ಮನೆ ಊಟ ಕಣೇ. ನಿಂಗೇನ್ ಗೊತ್ತು?"

"ದೊಡ್ಡೋರ ಮನೇಲಿ ಉಂಡೋನು ಸಣ್ಣೋರ ಮನೆ ಮಡಿಕೇಲಿ ಯಾಕೆ ಕೈ ಇಡ್ತೀಯ?"

ಹೌದು, ಅವನು ಮಡಕೆಯ ತಳ ಕೆರೆಯುತ್ತಿದ್ದ. ಹೊಟ್ಟೆ ಉರಿಯುವಂಥ ಹಸಿವು. ಆದರೆ ಮುದ್ದೆ ಗಂಟಲಲ್ಲಿ ಇಳಿಯಲೊಲ್ಲದು.

ಮರುವಾರ ಮಂದಿರದಲ್ಲಿ ಉಪದೇಶಿಗಳು ಕಾನಾ ಊರಿನ ಮದುವೆಯ ಪದ ಕೇಳಿದರು. ಸೊಣ್ಣಪ್ಪ ಎದ್ದು ನಿಂತ. ಮಟ್ಟು ಬಂತು, ಮಾತು ಬರಲಿಲ್ಲ. ನೀರು ತುಂಬಿದ ಬಾನಿಗಳಿದ್ದ ಜಾಗದಲ್ಲಿ ಬಾಯಿಗೆ ಬಂದದ್ದು ಹೂವಿನ ಹಾಸಿಗೆ. ಕೆಮ್ಮು ಬಂದವನಂತೆ ನಟಿಸಿ ಕುಳಿತ.

ಇಲ್ಲಿಗೇ ನಿಂತಿದ್ದರೆ ಒಂದು ಪದ ಹೋಗಿರುತ್ತಿತ್ತು ಅಷ್ಟೆ. ಆದರೆ ಹಸಿವು ಅವನನ್ನು ದಿಬ್ಬದ ಆಚೆಗೆ ಎಳೆಯಿತು. ಗಾಳಿಯೆದ್ದ ಭಾನುವಾರಗಳಲ್ಲೆಲ್ಲ ಚಪ್ಪರ ಇರುತ್ತಿತ್ತು. ಹೋದಾಗಲೆಲ್ಲ ಮೇಸ್ತ್ರಿ ಒಂದೊಂದು ಮಟ್ಟು ಕೇಳುತ್ತಿದ್ದ, ಮಾತು ಬದಲಿಸುತ್ತಿದ್ದ. ಕುರುಡನ ಕಣ್ಣು ಹೋಯಿತು. ಬಿರುಗಾಳಿಯ ದೋಣಿ ಹೋಯಿತು. ಸಮಾಧಿಯ ಕಲ್ಲಿನ ಪದವನ್ನು ನೆನೆಸಿಕೊಳ್ಳಲು ಕುಳಿತರೆ, ತಾಯಿಯ ಮುಖವೇ ಮಸುಕಾಗಿ ಕಾಣುತ್ತಿತ್ತು. ಸೊಣ್ಣಪ್ಪ ಸೊರಗಿದ. ಹೆಗಲ ಮೇಲೆ ಕಂಬ ನಿಲ್ಲದಾಯಿತು. ಆದರೂ ಆ ಜನ ಕೇಳುವ ರೀತಿ ನೆನೆದರೆ ಬಾಯಲ್ಲಿ ನೀರೂರುತ್ತಿತ್ತು.

"ಆ ದಿಬ್ಬದ ಕಡೆ ಯಾವ ಚಪ್ಪರಾನೂ ಇಲ್ಲ," ಎಂದಳು ಕದಿರಮ್ಮ ಒಂದು ದಿನ. "ನಾನು ಓಗಿ ನೋಡಿ ಬಂದೆ. ನಿನ್ ಕಾಲಿನ ಗುರುತು ಐತೆ. ಜೊತೇಲಿ ಇನ್ನೊಬ್ಬರ್ದು ಇಲ್ಲ."

ಸೊಣ್ಣಪ್ಪ ಎದ್ದು ಹೊರಗೆ ನಡೆದ.

ಪ್ರಭುಭೋಜನದ ಭಾನುವಾರ ಬಂತು. ಆ ದಿನ ಬೌರಿಂಗ್‌ಪೇಟೆಯಿಂದ ಪಾದ್ರಿ ಅಯ್ಯನವರು ರೈಲಿನಲ್ಲಿ ಬಂದು, ಸಂಜೆಯ ಆರಾಧನೆಯಲ್ಲಿ ರೊಟ್ಟಿ ಮುರಿದು ಕೊಡುತ್ತಿದ್ದರು. ಮುರಿಯುವ ಮುನ್ನ ಅಶ್ವತ್ಥಮ್ಮನ ಅಂಬಲಿಯ ಪದ ಹೇಳುವುದು ಆ ಮಂದಿರದ ಪದ್ಧತಿ. ಅದನ್ನು ಅವಳ ಮನೆಯವರೇ ಹೇಳಬೇಕು. ಸೊಣ್ಣಪ್ಪ ಬೆಳಿಗ್ಗೆಯಿಂದ ತನ್ನೊಳಗೆ ತಡಕಿದ. ತಾಯಿ ಕೊಟ್ಟದ್ದರಲ್ಲಿ ಅದೊಂದೇ ಉಳಿದಿತ್ತು.

ಮಂದಿರಕ್ಕೆಂದು ಹೊರಟವನನ್ನು ದಿಬ್ಬದ ಬುಡದಲ್ಲಿ ಮೇಸ್ತ್ರಿ ತಡೆದ.

"ಇವತ್ತು ಆ ಸಣ್ಣದು ಆಡ್ಬಿಡು ಸೊಣ್ಣಾ. ಅಂಬಲೀದು. ಅಂಬಲಿ ಅನ್ನೋ ಮಾತು ತೆಗೆದಾಕಿದ್ರೆ ಮಟ್ಟು ಬಂಗಾರ."

"ಅದೊಂದೇ ಉಳಿದಿರೋದು."

"ಅದ್ಕೇ ಕೇಳ್ತಿರೋದು. ಅದೂ ಕೊಟ್ರೆ ನೀನು ನಮ್ಮೋನೇ. ಆಮೇಲೆ ಓಗೋದೂ ಇಲ್ಲ, ಬರೋದೂ ಇಲ್ಲ. ಆಡ್ತಾ ಇರ್ತೀಯ, ಅವ್ರು ಕೇಳ್ತಾ ಇರ್ತಾರೆ. ಕೊಡಲ್ವಾ, ಬ್ಯಾಡ. ಇನ್ಮೇಲೆ ಚಪ್ಪರ ಇರಕ್ಕಿಲ್ಲ. ಓಗು, ಆ ತಗಡಿನ ಕೆಳಗೆ ಮುದುಕೀರ ಮುಂದೆ ಒಂದೇ ಪದಾನ ಸಾಯೋಗಂಟ ಗೊಣಗು."

ಸೊಣ್ಣಪ್ಪನ ಕಾಲುಗಳು ಚಪ್ಪರದ ಕಡೆಗೇ ನಡೆದವು.

ಎಲೆ ಹಾಕಿದ್ದರು. ಬಡಿಸಿದ್ದರು. ಹಸಿವು ಅವನ ಕರುಳನ್ನು ಹಗ್ಗದಂತೆ ಹೊಸೆಯಿತು. ಕೈ ಚಾಚಿದ. ಅದೇಕೋ ಕೈ ಎಲೆಯ ಮೇಲೆ ನಿಂತುಬಿಟ್ಟಿತು, ಮೊದಲ ದಿನದ ಹಾಗೆ. ಮುಂದೆ ಒತ್ತಿದರೂ ಹೋಗಲಿಲ್ಲ. ಹಾಗೆ ನಿಂತ ಹೊತ್ತಿನಲ್ಲಿ, ಇಷ್ಟು ದಿನ ತನ್ನ ಎಲೆಯನ್ನೇ ನೋಡುತ್ತಿದ್ದವನು, ಪಂಕ್ತಿಯನ್ನು ನೋಡಿದ.

ಎಲ್ಲರ ಕೈಗಳೂ ಎಲೆಯಿಂದ ಬಾಯಿಗೆ ಹೋಗುತ್ತಿದ್ದವು, ಬರುತ್ತಿದ್ದವು. ದವಡೆಗಳು ಆಡುತ್ತಿದ್ದವು. ಯಾರ ಗಂಟಲೂ ನುಂಗುತ್ತಿರಲಿಲ್ಲ. ಯಾರ ಎಲೆಯೂ ಖಾಲಿಯಾಗುತ್ತಿರಲಿಲ್ಲ. ಅಷ್ಟು ಜನ ಉಣ್ಣುತ್ತಿದ್ದರೂ ಒಂದು ತೇಗಿನ ಸದ್ದಿಲ್ಲ. ಅವರು ತನ್ನ ಹಾಡಿಗೆ ಉಸಿರು ಹಿಡಿದು ಕೂರುತ್ತಿದ್ದರು ಎಂದುಕೊಂಡಿದ್ದನಲ್ಲ, ಹಿಡಿಯಲು ಅವರಲ್ಲಿ ಉಸಿರೇ ಇರಲಿಲ್ಲ. ಎಲ್ಲರ ಕಣ್ಣುಗಳೂ ಅವನ ಬಾಯಿಯ ಮೇಲೆ ನೆಟ್ಟಿದ್ದವು. ಹಸಿದ ಮಕ್ಕಳು ತಾಯಿಯ ಕೈಯನ್ನು ನೋಡುವ ಹಾಗೆ.

"ಆಡ್ಲಾ," ಎಂದು ಮೇಸ್ತ್ರಿ ಕಿವಿಯಲ್ಲಿ ಬೇರೆ ಮಾತು ಹೇಳಿಕೊಟ್ಟ.

ಸೊಣ್ಣಪ್ಪ ಕಣ್ಣು ಮುಚ್ಚಿದ. ಮೇಸ್ತ್ರಿ ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ. ತಾಯಿಯ ಮಾತನ್ನೇ ಎತ್ತಿದ.

ಅಂಬಲಿಯೆ ಆಗಿರಲಿ, ಹಬ್ಬದೂಟವೆ ಇರಲಿ,
ನಂಬಿ ನಿನ್ನನು ನೆನೆದು ಮುಟ್ಟುವೆನು ತಂದೆ;
ತುಂಬಲಾರದು ಒಡಲು ಲೋಕದೌತಣದಿಂದ,
ತುಂಬು ನೀ ಮುರಿದಿತ್ತ ತುತ್ತಿನಿಂದ.

ಕಣ್ಣು ತೆರೆದಾಗ ಎಲೆಯಿಲ್ಲ. ಎಲೆಯಿದ್ದ ಕಡೆ ಒಂದು ಬೊಗಸೆ ಬಿಳಿ ಮಣ್ಣು. ಮೇಸ್ತ್ರಿ ನಿಂತ ಜಾಗದಲ್ಲಿ ಗಣಿಯಿಂದ ಎಸೆದ, ಗೆದ್ದಲು ತಿಂದ ಒಂದು ಕಂಬ. ಅದಕ್ಕೆ ಸಿಕ್ಕಿಕೊಂಡ ಬಿಳಿ ಬಟ್ಟೆಯ ಚೂರು. ಆದರೆ ಪಂಕ್ತಿಯ ಜನ ಹೋಗಿರಲಿಲ್ಲ. ಮಬ್ಬು ಸರಿದು ಅವರ ಮುಖಗಳು ಕಂಡವು. ಎಲ್ಲರೂ ತಲೆ ಬಗ್ಗಿಸಿದ್ದರು. ಅವನ ಪಕ್ಕದಲ್ಲೇ ಕುಳಿತಿದ್ದವನು ಪೆರುಮಾಳ್. ಸೊಣ್ಣಪ್ಪನ ಜೊತೆಗೇ ಕಂಬ ಹೊರುತ್ತಿದ್ದವನು, ಹೋದ ಮಳೆಗಾಲದಲ್ಲಿ ಬಂಡೆ ಸಿಡಿದು ಸತ್ತವನು. ಅವನನ್ನು ಮಣ್ಣು ಮಾಡುವಾಗ ಸೊಣ್ಣಪ್ಪನೇ ಹೆಗಲು ಕೊಟ್ಟಿದ್ದ.

"ಇನ್ನೊಂದ್ ಸಾರಿ ಪಾಡಣ್ಣಾ," ಎಂದ ಪೆರುಮಾಳ್ ತನ್ನ ತಮಿಳು ಬೆರೆತ ಕನ್ನಡದಲ್ಲಿ. ಆ ದನಿ ಆಳದ ಸುರಂಗದಿಂದ ಬಂದ ಹಾಗಿತ್ತು. "ಪಸಿ ತಾಳಕ್ಕಾಗ್ತಿಲ್ಲ."

ಸೊಣ್ಣಪ್ಪನಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಇನ್ನೊಂದು ಸಾರಿ ಹಾಡಿದ. ಕೊನೆಯ ಸಾಲಿಗೆ ಬರುವಾಗ ಪಕ್ಕದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಸದ್ದಾಯಿತು. ಆಮೇಲೆ ಗಾಳಿ ನಿಂತಿತು. ಬರೀ ದಿಬ್ಬ, ಅವನೊಬ್ಬ.

ಮಂದಿರದಲ್ಲಿ ಕಾದೂ ಕಾದೂ ಅಯ್ಯನವರು ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ಬಾಗಿಲಲ್ಲಿ ನಿಂತ ಸೊಣ್ಣಪ್ಪನನ್ನು ಕಂಡು ಹೆಂಗಸರು ಕಿರುಚಿಕೊಂಡರು. ಕದಿರಮ್ಮ ಮಾತ್ರ ಎದ್ದು ಹೋಗಿ, ಸೆರಗಿನಿಂದ ಅವನ ತುಟಿ ಒರೆಸಿದಳು.

"ಐತಾ?" ಎಂದಳು ಮೆಲ್ಲಗೆ.

"ಒಂದು ಐತೆ."

ಅದನ್ನೇ ಹಾಡಿದ. ಗಂಟಲು ಒಡೆದಿತ್ತು, ಧೂಳು ಕಟ್ಟಿತ್ತು. ಮೊದಲಿನ ಇಂಪು ಇರಲಿಲ್ಲ. ಅಯ್ಯನವರು ಮುರಿದು ಕೊಟ್ಟ ರೊಟ್ಟಿ ಉಗುರಿನಷ್ಟು ಇತ್ತು. ಅದು ನಾಲಿಗೆಯ ಮೇಲೆ ಕರಗಿ ಇಳಿಯಿತು. ಸೊಣ್ಣಪ್ಪ ಗೋಡೆಗೆ ಒರಗಿ ಕುಳಿತ. ಎಷ್ಟೋ ತಿಂಗಳಿಂದ ಕರುಳಲ್ಲಿ ಹೊಸೆಯುತ್ತಿದ್ದ ಹಗ್ಗ ಸಡಿಲವಾಗಿತ್ತು. ಅವನಿಗೆ ಅಳು ಬಂತು. ಅದು ದುಃಖದ ಅಳುವಾಗಿರಲಿಲ್ಲ.

ಹೋದ ಪದಗಳು ಮರಳಿ ಬರಲಿಲ್ಲ. ಉಳಿದ ಒಂದನ್ನು ಅವನು ಉಪದೇಶಿಗಳಿಗೆ ಕಲಿಸಿದ, ಮುದುಕಿಯರಿಗೆ ಕಲಿಸಿದ, ಕೋರಮಂಡಲ ಎಂಬ ಗಣಿಕೇರಿಯ ಸಾಲುಮನೆಗಳಲ್ಲಿ ಕೇಳಿದವರಿಗೆಲ್ಲ ಕಲಿಸಿದ. ಈಗ ಅದನ್ನು ಹೇಳಲು ಸೊಣ್ಣಪ್ಪನೇ ಬೇಕೆಂದಿರಲಿಲ್ಲ. ಯಾರೋ ಹೇಳುತ್ತಿದ್ದರೆ ಅವನು ಹಿಂದಿನ ಸಾಲಿನಲ್ಲಿ ಕುಳಿತು, ತಾಯಿ ಕೊಟ್ಟಿಗೆಯ ಗೋಡೆಯ ಬಳಿ ಕೇಳುತ್ತಿದ್ದಳಲ್ಲ, ಹಾಗೆ ಕೇಳುತ್ತಿದ್ದ.

ಮರುವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಗಾಳಿಯೆದ್ದಿತು. ಕದಿರಮ್ಮ ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ದಿಬ್ಬದ ಕಡೆಯಿಂದ ಹಾಡು ಬರುತ್ತಿತ್ತು. ಹೆಂಗಸಿನ ದನಿ. ನೀರು ತುಂಬಿದ ಬಾನಿಗಳು, ಮದುಮಗಳ ಮನೆ, ಅವಳಿಗೆ ಹೇಳಲು ಬಾರದಿದ್ದರೂ ಕೇಳಿದರೆ ಗುರುತು ಸಿಗುವ ಸರಿಯಾದ ಮಾತುಗಳು, ಒಂದೂ ಬಿಟ್ಟಿರಲಿಲ್ಲ.

"ಅತ್ತೆಮ್ಮನ ಪದ," ಎಂದಳು ಕದಿರಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು. "ಅತ್ತೆಮ್ಮನ ಗಂಟಲೇ. ಕೇಳ್ತಾ?"

"ಕೇಳ್ತು."

"ಓಗಿ ಕಲ್ತುಕೊಂಡ್ ಬಂದ್ರೆ... ಎಲ್ಲಾ ವಾಪಸ್ ಬತ್ತವೆ."

ಸೊಣ್ಣಪ್ಪ ಬಾಗಿಲ ಕಡೆ ನೋಡಿದ. ಹೊರಗೆ ಹಾಡು ಇನ್ನೂ ಹತ್ತಿರ ಬಂತು, ಬಾಗಿಲ ಹತ್ತಿರವೇ, ಕರೆಯುವ ಹಾಗೆ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಮ್ಮಮ್ಮ ನನ್ನ ಊಟದಿಂದ ಎಬ್ಬಿಸಿ ಯಾವತ್ತೂ ಕರೆದೋಳಲ್ಲ ಕಣೇ," ಎಂದ. "ಬಡ್ಸು."

ಕದಿರಮ್ಮ ಬಡಿಸಿದಳು. ಅವನು ಕೈಯನ್ನು ಮುದ್ದೆಯ ಮೇಲೆ ಹಿಡಿದು ನಿಲ್ಲಿಸಿ, ಕಣ್ಣು ಮುಚ್ಚಿ, ಒಡೆದ ಗಂಟಲಿನಲ್ಲಿ ಅಂಬಲಿಯ ಪದ ಎತ್ತಿದ. ಕದಿರಮ್ಮನೂ ದನಿಗೂಡಿಸಿದಳು. ಪದ ಮುಗಿದ ಮೇಲೆ ಮುದ್ದೆ ಮುರಿದ.