ಕೂಪನ್ನಿನ ಮೇಲಿನ ಎರಡು ಸಾಲು

ಬಸ್ಸಿಳಿದು ಮನೆಯ ಮುಂದೆ ಬಂದು ನಿಂತಾಗ ಜಂಬಣ್ಣನಿಗೆ ಮೊದಲು ಕಂಡದ್ದು ಬೀಗ. ದೇವದುರ್ಗದ ಆ ಮನೆಗೆ ಬೀಗ ಬಿದ್ದದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಅವ್ವ ಎಲ್ಲಿಗೆ ಹೋದರೂ ಚಿಲಕ ಎಳೆದು, ಅದಕ್ಕೊಂದು ತೊಗರಿ ಕಟ್ಟಿಗೆಯ ತುಂಡು ಸಿಕ್ಕಿಸಿ ಹೋಗುತ್ತಿದ್ದಳು. ಯಾರಾದರೂ ಒಯ್ಯುವಂಥದ್ದು ಒಳಗೆ ಏನೂ ಇರಲಿಲ್ಲ. ಈಗ ಬೀಗ ಜಡಿದಿದ್ದಾಳೆಂದರೆ ಎಲ್ಲಿಗೋ ಬಹಳ ದಿನಕ್ಕೆಂದೇ ಹೋಗಿದ್ದಾಳೆ.

ಎದುರುಮನೆಯ ಗುರುಶಾಂತಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆಯೇ ಹೇಳಿದಳು.

"ನಿಮ್ಮವ್ವ ಮಾನ್ವಿಗೆ ಹೋಗ್ಯಾಳ. ಬಸವಂತಮ್ಮನ ಮನಿಗೆ. ಎರಡು ತಿಂಗಳಾತು."

"ಅಕ್ಕಗ ಮೈಯಾಗ ಆರಾಮಿಲ್ಲೇನು?"

"ಆಕಿ ಆರಾಮದಾಳ. ನಿಮ್ಮವ್ವಂದು ಪಗಾರ ನಿಂತದಲ್ಲ. ನಿನಗ ಗೊತ್ತಿಲ್ಲೇನು?" ಈಗ ಅವಳು ತಲೆ ಎತ್ತಿ ಅವನನ್ನು ಕಾಲಿನಿಂದ ಮೇಲಕ್ಕೆ ನೋಡಿದಳು. "ಪ್ಯಾಂಟು ಛಲೋ ಅದ. ರಾಯಚೂರಾಗ ಹೊಲಿಸಿದೇನು?"

ಜಂಬಣ್ಣ ಬಂದ ಹೆಜ್ಜೆಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ. ಪಗಾರ ಎಂದರೆ ಅವ್ವನಿಗೆ ಬರುತ್ತಿದ್ದ ವಿಧವಾ ವೇತನ. ತಿಂಗಳಿಗೆ ಐವತ್ತು ರೂಪಾಯಿ, ಮನಿಯಾರ್ಡರಿನಲ್ಲಿ. ಎರಡು ವರ್ಷದಿಂದ ಆ ಐವತ್ತು, ಮತ್ತೆ ಅವರಿವರ ಹೊಲದ ಕೂಲಿ, ಇವೆರಡರ ಮೇಲೆ ಆದೆಮ್ಮ ಒಬ್ಬಳೇ ಬದುಕು ಸಾಗಿಸುತ್ತಿದ್ದಳು. ಮಗ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿದ್ದ. ಅವನ ಊಟ ಸರ್ಕಾರದ್ದು. ಅವನಿಗೆ ಇಪ್ಪತ್ತೆರಡು ವರ್ಷ ಎಂಬುದು ಅರ್ಜಿಗಳಲ್ಲಿ ಮಾತ್ರ ಕಾಣುತ್ತಿದ್ದ ಸಂಗತಿಯಾಗಿತ್ತು.

ಮಾನ್ವಿಯ ಬಸ್ಸು ಸಿರವಾರ ದಾಟುವ ಹೊತ್ತಿಗೆ ಅವನಿಗೆ ಎಲ್ಲವೂ ಅಲ್ಲದಿದ್ದರೂ ಅರ್ಧ ಹೊಳೆದಿತ್ತು. ಹೊಳೆದದ್ದನ್ನು ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಒಳಗೇ ಅದುಮಿದ.

ಆ ವರ್ಷ, ಅಂದರೆ ಎಂಬತ್ತಾರರ ಜನವರಿಯಲ್ಲಿ, ವರ್ಷದ ವಿದ್ಯಾರ್ಥಿವೇತನ ಒಟ್ಟಿಗೇ ಬಂದಿತ್ತು. ಫೀಜು ಮುರಿದುಕೊಂಡು ಕೈಗೆ ಸಿಕ್ಕದ್ದು ನಾನೂರ ಇಪ್ಪತ್ತು. ಅಷ್ಟು ದುಡ್ಡು ಅವನ ಕೈಯಲ್ಲಿ ಎಂದೂ ಕೂತಿರಲಿಲ್ಲ. ಇನ್ನೂರನ್ನು ಅವ್ವನಿಗೆ ಕೊಡಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ಬಸ್ಸು ಹತ್ತಿದ್ದರೆ ಎರಡು ತಾಸಿನಲ್ಲಿ ದೇವದುರ್ಗ. ಕೈಯಾರೆ ಕೊಟ್ಟು ಬರಬಹುದಿತ್ತು. ಹಾಗೆ ಮಾಡದೆ ಅಂಚೆ ಕಚೇರಿಗೆ ಹೋಗಿ ಮನಿಯಾರ್ಡರ್ ಫಾರಂ ತುಂಬಿದ. ಅದಕ್ಕೆ ಕಾರಣ ಶಾಮೀದಸಾಬ.

ಶಾಮೀದಸಾಬ ಅವರ ಓಣಿಯ ಅಂಚೆಯವನು. ಯಾರಿಗೆ ಮನಿಯಾರ್ಡರ್ ಬಂದರೂ ಬೇವಿನ ಗಿಡಕ್ಕೆ ಸೈಕಲ್ಲು ಆನಿಸಿ, ಗಂಟೆ ಬಾರಿಸಿ, ಫಾರಮ್ಮಿನ ಕೆಳಗಿನ ಕೂಪನ್ನಿನಲ್ಲಿ ಕಳಿಸಿದವರು ಬರೆದ ನಾಲ್ಕು ಮಾತನ್ನು ಓಣಿಗೆಲ್ಲ ಕೇಳುವಂತೆ ಓದುತ್ತಿದ್ದ. ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದವರ, ಫೌಜಿಗೆ ಸೇರಿದವರ ಹೆಸರು ಹಾಗೆ ಓಣಿಯಲ್ಲಿ ಮೊಳಗುತ್ತಿತ್ತು. ಓದಿ ಮುಗಿಸಿ, ಕೂಪನ್ನು ಹರಿದು ಕೈಗೆ ಕೊಟ್ಟ ಮೇಲೆ ಆ ಮನೆಯವರು ಚಹಾ ಕೊಡುವುದು ರೂಢಿ. ಚಿಕ್ಕಂದಿನಿಂದ ಕೇಳುತ್ತ ಬಂದಿದ್ದ ಆ ದನಿಯಲ್ಲಿ ತಮ್ಮ ಮನೆಯ ಹೆಸರು ಜಂಬಣ್ಣ ಒಮ್ಮೆಯೂ ಕೇಳಿರಲಿಲ್ಲ. ಅವ್ವನ ಪಗಾರದ ಕೂಪನ್ನಿನಲ್ಲಿ ಓದುವಂಥದ್ದು ಏನೂ ಇರುತ್ತಿರಲಿಲ್ಲ. ಶಾಮೀದಸಾಬ ಹೆಬ್ಬೆಟ್ಟು ಒತ್ತಿಸಿಕೊಂಡು, ದುಡ್ಡು ಎಣಿಸಿ, ಸುಮ್ಮನೆ ಹೋಗುತ್ತಿದ್ದ.

ಅದಕ್ಕೇ ಅವನು ಕೂಪನ್ನಿನ ಚಿಕ್ಕ ಜಾಗದಲ್ಲಿ ದುಂಡಗೆ ಬರೆದ: "ಮಾತೋಶ್ರೀಯವರಿಗೆ ನಮಸ್ಕಾರಗಳು. ಮನೆಯ ಖರ್ಚಿಗೆ ಇನ್ನೂರು ರೂಪಾಯಿ ಕಳಿಸಿದ್ದೇನೆ. ಇನ್ನು ಮೇಲೆ ಪ್ರತಿ ತಿಂಗಳೂ ಕಳಿಸುತ್ತೇನೆ, ನೀವು ಯಾರ ಹಂಗಿನಲ್ಲೂ ಇರಬೇಕಾಗಿಲ್ಲ."

ಅವ್ವನನ್ನು ಅವನು ಎಂದೂ ನೀವು ಎಂದವನಲ್ಲ. ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ ಬರುವಂಥದ್ದು, ಬರುವ ತಿಂಗಳು ಕಳಿಸಲು ಏನೂ ಇರುವುದಿಲ್ಲ ಎಂಬುದು ಬರೆಯುವಾಗಲೇ ಅವನಿಗೆ ಗೊತ್ತಿತ್ತು. ಆ ಸಾಲು ಅವ್ವನಿಗೆ ಬರೆದದ್ದೂ ಅಲ್ಲ. ಬೇವಿನ ಗಿಡದ ಕೆಳಗಿನ ದನಿಗೆ ಬರೆದದ್ದು. ಉಳಿದ ದುಡ್ಡು ಟೆರಿಕಾಟ್ ಪ್ಯಾಂಟಿಗೆ, ಸ್ಟೇಷನ್ ರಸ್ತೆಯ ಹೋಟೆಲಿಗೆ, ಗೆಳೆಯರ ಎದುರು ಎರಡು ಸಲ ತಾನೇ ಬಿಲ್ಲು ಕೊಡುವುದಕ್ಕೆ ಹೋಯಿತು.

ಮಾನ್ವಿಯಲ್ಲಿ ಅಕ್ಕನ ಮನೆಯ ಹಿತ್ತಲಲ್ಲಿ ಆದೆಮ್ಮ ಬೋಗುಣಿ ತಿಕ್ಕುತ್ತ ಕೂತಿದ್ದಳು. ಮಗನನ್ನು ನೋಡಿ ಸೆರಗಿನಿಂದ ಕೈ ಒರೆಸಿಕೊಂಡಳು, ಏಳಲಿಲ್ಲ. ಇದಕ್ಕೆ ಮೊದಲು ಅಳಿಯನ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿದವಳಲ್ಲ ಅವಳು. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಲು ಬಂದಾಗಲೂ ಜೋಳದ ಹಿಟ್ಟು ಕಟ್ಟಿಕೊಂಡು ಬಂದಿದ್ದಳು. ಅಳಿಯ ಗದ್ದೆಪ್ಪ ಒಳ್ಳೆಯವನು, ಸಂತೆಯಲ್ಲಿ ಕಾಳಿನ ವ್ಯಾಪಾರ ಅವನದು. ಏನೂ ಅನ್ನುತ್ತಿರಲಿಲ್ಲ. ಅವನು ಉಂಡು ಹೊರಗೆ ಹೋಗುವವರೆಗೆ ಅವಳು ಹಿತ್ತಲು ಬಿಟ್ಟು ಬರುತ್ತಿರಲಿಲ್ಲ.

"ಪಗಾರ ಯಾಕ ನಿಂತದಬೇ?" ಅವನು ಕಲ್ಲಿನ ಮೇಲೆ ಕೂತು ಕೇಳಿದ.

"ಯಾರೋ ಸಾಹೇಬ ತಪಾಸಕ್ಕ ಬಂದಿದ್ದ. ಪಗಾರದ ಚೀಟಿ ತೋರ್ಸು ಅಂದ. ತಂತಿಗೆ ಪೋಣಿಸಿಟ್ಟಿದ್ನೆಲ್ಲ, ಇಳಿಸಿ ಕೊಟ್ಟೆ." ಬೋಗುಣಿಯನ್ನು ಮತ್ತೊಮ್ಮೆ ತಿರುಗಿಸಿದಳು. "ನಿಂದೂ ಅದರಾಗನ ಇತ್ತು."

"ನಿನಗ ಗೊತ್ತಾಗಲಿಲ್ಲಾ, ಅದು ಬ್ಯಾರೆ ಅಂತ?"

"ಗೊತ್ತಾಗದ ಏನು. ಅದನ್ನ ಮೊದಲು ಕೊಟ್ಟೆ. ನನ್ನ ಮಗ ಬರದದ್ರೀ, ಕಾಲೇಜಿನ್ಯಾಗ ಓದ್ತಾನ, ಅಂತ ನಾನ ಹೇಳ್ದೆ. ಅಂವ ಓದ್ಕೊಂಡ. ಛಲೋ ಆತವ್ವ, ನಿನಗಿನ್ನ ಸರ್ಕಾರದ್ದು ಬೇಕಾಗಿಲ್ಲ ಅಂದ."

ಹಿತ್ತಲಿನ ಗೋಡೆಯಾಚೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು.

"ನನಗೊಂದು ಕಾರ್ಡ್ ಹಾಕಸ್ಬೇಕಾಗಿತ್ತು."

"ಯಾರ ಕಡಿಂದ ಬರಸ್ಲಿ? ಶಾಮೀದಸಾಬನ ಕಡಿಂದೇನು? ನಿನ್ನ ಚೀಟಿ ಓಣಿಗೆಲ್ಲ ಓದಿದಾಂವ ಅಂವ, ತಿಂಗಳಾ ಕೇಳಾಕತ್ತಿದ್ದ, ಮಗಂದು ಬಂದಿಲ್ಲೇನವ್ವಾ ಅಂತ. ಬರ್ತದಪ್ಪಾ, ಪರೀಕ್ಷಾ ನಡದಾವು, ಅಂತಿದ್ದೆ."

ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಅದಿದ್ದಿದ್ದರೆ ಜಂಬಣ್ಣನಿಗೆ ಕೂತಲ್ಲಿ ಕೂರುವುದು ಸುಲಭವಾಗುತ್ತಿತ್ತು. ಅವನು ಪ್ಯಾಂಟಿನ ಮೊಣಕಾಲ ಮೇಲೆ ಅಂಗೈ ಇಟ್ಟುಕೊಂಡು, ಬಟ್ಟೆ ಕಾಣದಂತೆ ಮುಚ್ಚಲು ನೋಡಿದ.

ಮರುದಿನ ತಾಯಿ ಮಗ ದೇವದುರ್ಗದ ತಾಲೂಕು ಕಚೇರಿಗೆ ಹೋದರು. ಪಗಾರದ ಕಾಗದಗಳನ್ನು ನೋಡುತ್ತಿದ್ದ ಗುಮಾಸ್ತ ವಿರೂಪಣ್ಣ ವಿಭೂತಿ ಹಚ್ಚಿದ, ಕಣ್ಣಿಗೆ ದಪ್ಪ ಕನ್ನಡಕದ ಮನುಷ್ಯ. ಫೈಲು ತೆಗೆದ. ಮೊದಲ ಹಾಳೆಗೇ ಜಂಬಣ್ಣನ ಕೂಪನ್ನು ಗುಂಡುಸೂಜಿಯಿಂದ ಚುಚ್ಚಿಕೊಂಡು ಕೂತಿತ್ತು, ನೀಲಿ ಶಾಯಿಯ ಅಕ್ಷರ ಒಂದಿಷ್ಟೂ ಮಾಸಿರಲಿಲ್ಲ.

"ಅಕ್ಷರ ಮುತ್ತಿನಂಗ ಅದಾವು," ಎಂದ ವಿರೂಪಣ್ಣ. "ನೀನ ಏನು ಆ ಮಗ?"

"ಹೌದ್ರಿ. ಅದು ಗಳಿಸಿದ್ದಲ್ರಿ, ಸ್ಕಾಲರ್‌ಶಿಪ್ಪಿನ ದುಡ್ಡು. ಅದರಾಗ ಕಳಿಸಿದ್ದು."

ವಿರೂಪಣ್ಣ ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದ. "ಹಂಗ ಬರದು ಕೊಡಬ್ಯಾಡ ತಮ್ಮಾ. ಅದು ಸರ್ಕಾರ ನಿನಗ ಓದಾಕ ಕೊಟ್ಟದ್ದು. ಮನಿ ಖರ್ಚಿಗೆ ಕಳಿಸೀನಿ ಅಂದ್ರ ನಿಮ್ಮ ಕಾಲೇಜಿನ್ಯಾಗ ಕೇಳ್ತಾರ. ದುಡದು ಕಳಿಸೀನಿ ಅಂದ್ರ ಮತ್ತ ಆ ಸ್ಕಾಲರ್‌ಶಿಪ್ ಯಾಕ ಅಂತಾರ. ವಯಸ್ಸಿಗೆ ಬಂದ ಮಗ ಸಾಕಾಕತ್ಯಾನ ಅಂದ್ರ ಇಲ್ಲಿ ಪಗಾರಿಲ್ಲ. ಖರೇ ಹೇಳು. ಆಮ್ಯಾಲ ಎಷ್ಟು ಸರ್ತಿ ಕಳಿಸಿದಿ?"

"ಕಳಿಸಿಲ್ರಿ."

"ಒಮ್ಮಿನೂ?"

"ಇಲ್ರಿ."

"ಮತ್ತ ತಿಂಗಳಾ ಅಂತ ಬರದೀಯಲ್ಲ?"

ಜಂಬಣ್ಣ ಮೇಜಿನ ಮೇಲಿನ ಶಾಯಿಯ ಕಲೆಯನ್ನು ನೋಡುತ್ತ ನಿಂತ. ಪಕ್ಕದಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು, ಈ ಮಾತು ಬೇರೆ ಯಾರದೋ ಎಂಬಂತೆ.

"ಹಂಗಾರ ತ್ರಾಸಿಲ್ಲ," ಎಂದ ವಿರೂಪಣ್ಣ ಒಂದು ಬಿಳಿ ಹಾಳೆ ಮುಂದೆ ನೂಕಿ. "ಖರೇದ್ದನ್ನ ಬರಿ. ತಾಯಿ ಹೇಳಿದಂಗ ಬರಿ. ನಾ ಹೇಳ್ತೀನಿ."

ಅವನು ಹೇಳಿದ, ಜಂಬಣ್ಣ ಬರೆದ. ಬರೆದು ಕೆಳಗಿಟ್ಟ ಕೂಡಲೇ ಆದೆಮ್ಮ ಹೆಬ್ಬೆರಳು ಮುಂದೆ ಮಾಡಿದಳು.

"ತಡೀಬೇ," ಎಂದ ವಿರೂಪಣ್ಣ. "ಹೆಬ್ಬೆಟ್ಟಿನವರಿಗೆ ಮೊದಲು ಓದಿ ಹೇಳ್ಬೇಕು. ಓದಿ ಹೇಳಿದ್ದಕ್ಕ ಒಬ್ಬರು ಸಾಕ್ಷಿ ಬೇಕು." ಬಾಗಿಲ ಕಡೆ ನೋಡಿದ. ಕಚೇರಿಯ ಟಪಾಲು ಕೊಟ್ಟು ಖಾಲಿ ಚೀಲ ಮಡಚುತ್ತ ಶಾಮೀದಸಾಬ ನಿಂತಿದ್ದ. "ಸಾಹೇಬ್ರ, ಒಂದು ಸಹಿ ಹಾಕಿ ಹೋಗ್ರಿ. ನಿಮ್ಮ ಓಣಿಯವ್ರ ಅದಾರ."

ಶಾಮೀದಸಾಬ ಬಂದ. "ಕ್ಯಾ ಜಂಬಣ್ಣ, ಯಾವಾಗ ಬಂದಿ?" ಎಂದು ನಕ್ಕ. ಯಾರೂ ನಗದೆ ಇದ್ದದ್ದು ಕಂಡು ಚೀಲವನ್ನು ಬಗಲಿಗೆ ಸೇರಿಸಿಕೊಂಡ.

"ಓದು. ತಾಯಿಗೆ ಕೇಳೂ ಹಂಗ ಓದು."

ಕಚೇರಿಯಲ್ಲಿ ಏಳೆಂಟು ಜನ ಕೂತಿದ್ದರು. ಜಂಬಣ್ಣ ಹಾಳೆ ಎತ್ತಿಕೊಂಡ. "ದೇವದುರ್ಗದ ನಿವಾಸಿ ಆದೆಮ್ಮಳಾದ ನಾನು ಬರೆದುಕೊಡುವುದೇನೆಂದರೆ, ನನಗೆ ಒಬ್ಬ ಮಗನಿದ್ದಾನೆ. ಅವನು ಒಂದು ಸಲ ಇನ್ನೂರು ರೂಪಾಯಿ ಕಳಿಸಿದ್ದು ಬಿಟ್ಟರೆ..." ದನಿ ಅಲ್ಲಿಗೆ ನಿಂತಿತು.

"ಗಟ್ಟಿ ಓದಪ್ಪಾ," ಎಂದಳು ಆದೆಮ್ಮ. "ನನಗ ಕೇಳಿಸವಲ್ದು."

"...ಬಿಟ್ಟರೆ, ಮತ್ತೇನೂ ಕಳಿಸಿರುವುದಿಲ್ಲ. ಅವನು ನನ್ನನ್ನು ನೋಡಿಕೊಳ್ಳುತ್ತಿಲ್ಲ. ಅವನಿಂದ ನನಗೆ ಯಾವ ಆಧಾರವೂ ಇರುವುದಿಲ್ಲ."

ಒಂದಕ್ಷರವೂ ಸುಳ್ಳಿರಲಿಲ್ಲ. ಕಾಗದದ ಮೇಲೆ ತನ್ನ ಬಗ್ಗೆ ಅಷ್ಟು ನಿಜವಾದದ್ದನ್ನು ಅವನು ಅದುವರೆಗೆ ಬರೆದಿರಲಿಲ್ಲ.

ಆದೆಮ್ಮ ಹೌದೆಂಬಂತೆ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಶಾಮೀದಸಾಬ ಅವಳ ಗುರುತಿನ ಪಕ್ಕದಲ್ಲಿ ಉರ್ದುವಿನಲ್ಲಿ ಸಹಿ ಮಾಡಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಅಂಗಳದಲ್ಲಿ ಅವನ ಸೈಕಲ್ಲಿನ ಗಂಟೆ ಅವತ್ತು ಕೇಳಿಸಲಿಲ್ಲ.

"ಬರೂ ತಿಂಗಳಿಂದ ಚಾಲೂ ಆಗ್ತದ," ಎಂದ ವಿರೂಪಣ್ಣ ಫೈಲು ಕಟ್ಟುತ್ತ.

ಆದೆಮ್ಮ ಕದಲಲಿಲ್ಲ. "ಆ ಚೀಟಿ ನನಗ ವಾಪಸ್ ಕೊಡ್ರಿ ಯಪ್ಪಾ."

"ಯಾವುದು?"

"ನನ್ನ ಮಗ ಬರದದ್ದು."

"ಅದು ಫೈಲಿನಾಗ ಸೇರ್ಕೊಂಡದವ್ವಾ. ತಗದು ಕೊಡಾಕ ಬರೂದಿಲ್ಲ."

"ಇರ್ಲಿ ಬಿಡ್ರಿ," ಎಂದಳು ಅವಳು ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ. "ಬಾಯಿಪಾಠ ಅದ ನನಗ."

ಮನೆಯವರೆಗೆ ಅವಳು ಮುಂದೆ, ಅವನು ಹಿಂದೆ ನಡೆದರು. ಬಾಗಿಲ ಮುಂದೆ ಅವಳು ಸೊಂಟದ ಗಂಟಿನಿಂದ ಕೀಲಿಕೈ ಬಿಚ್ಚಿ ಬೀಗ ತೆಗೆದಳು. ಬೀಗವನ್ನು ಅವನ ಕೈಗೆ ಕೊಟ್ಟಳು.

"ಗುರುಶಾಂತಮ್ಮಂದದು. ಕೊಟ್ಟು ಬಾ," ಎಂದಳು.

ಜಂಬಣ್ಣ ಬೀಗ ಹಿಡಿದುಕೊಂಡು ಓಣಿಯ ಆ ಬದಿಗೆ ನೋಡಿದ. ಗುರುಶಾಂತಮ್ಮ ಕಟ್ಟೆಯ ಮೇಲೆಯೇ ಇದ್ದಳು. ನಡುವೆ ಇದ್ದದ್ದು ಹತ್ತು ಹೆಜ್ಜೆ, ಮತ್ತೆ ಆ ಬೇವಿನ ಗಿಡ.