ಅರ್ಧ ಡಿಗ್ರಿ ಹೆಚ್ಚು

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಪಕ್ಕ ತಂತಿಬೇಲಿ ಹಾಕಿದ ಒಂದು ಹುಲ್ಲಿನ ಚೌಕವಿದೆ. ಒಳಗೆ ನಾಲ್ಕು ಕಾಲಿನ ಮೇಲೊಂದು ಬಿಳಿ ಮರದ ಪೆಟ್ಟಿಗೆ, ಮಳೆ ಅಳೆಯುವ ಡಬ್ಬಿ, ನೀರು ಎಷ್ಟು ಆವಿಯಾಯಿತೆಂದು ನೋಡುವ ಅಗಲವಾದ ತೊಟ್ಟಿ, ಬಿಸಿಲಿದ್ದಷ್ಟು ಹೊತ್ತು ಕಾಗದದ ಪಟ್ಟಿಯನ್ನು ಸುಡುವ ಗಾಜಿನ ಗುಂಡು. ಊರವರಿಗೆ ಇದು ಮಳೆ ಆಫೀಸು. ಮಳೆ ಬರದಿದ್ದಾಗ ಬೈಯಲು ಒಂದು ವಿಳಾಸವಿರಲಿ ಎಂದೇ ಸರ್ಕಾರ ಇದನ್ನು ಕಟ್ಟಿಸಿದೆ ಎಂಬುದು ಹಲವರ ನಂಬಿಕೆ.

ಇಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ಎರಡಕ್ಕೂ ಪೆಟ್ಟಿಗೆಯ ಬಾಗಿಲು ತೆಗೆದವರು ಗಂಗರಾಜು. ಆರಡಿ ಆಳು. ಪೆಟ್ಟಿಗೆಯಾದರೋ ಅವರ ಎದೆಮಟ್ಟ. ಕೆಲಸ ಕಲಿಸಿದ ನಲ್ಲಪ್ಪನವರು ಕುಳ್ಳಗಿದ್ದರು. ಪಾದರಸ ತಾನಾಗಿ ಅವರ ಕಣ್ಣಿಗೆ ನೇರ ಬರುತ್ತಿತ್ತು. ಗಂಗರಾಜುವನ್ನು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, "ದೇವರಿಗೆ ನಿಂತ್ಕೊಂಡೇ ಕೈ ಮುಗಿದ್ರೂ ಪರವಾಗಿಲ್ಲ. ಇದರ ಮುಂದೆ ಮಾತ್ರ ಬಗ್ಗಬೇಕು ಕಣಪ್ಪ" ಅಂದಿದ್ದರು. ಆಗೆಲ್ಲ ಓದಿದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಸೈಕಲ್ಲಿನಲ್ಲಿ ಅಂಚೆ ಕಚೇರಿಗೆ ಓಡಬೇಕು, ಅಲ್ಲಿಂದ ತಂತಿ. ಹವಾಮಾನದ ತಂತಿ ಎಂದರೆ ಸರತಿಯಲ್ಲಿದ್ದವರು ದಾರಿ ಬಿಡುತ್ತಿದ್ದರು. ಆಮೇಲೆ ಯಾರೂ ಗಂಗರಾಜುಗೆ ಹಾಗೆ ದಾರಿ ಬಿಟ್ಟಿಲ್ಲ.

ಅಂಕಿಗಾಗಿ ಕಾದಿರುತ್ತಿದ್ದವರಲ್ಲಿ ಈಗ ಉಳಿದವರು ಒಬ್ಬರೇ: ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕುವ ಲಕ್ಷ್ಮಿದೇವಮ್ಮ. ಏಳೂ ಹತ್ತಕ್ಕೆ ಅವರ ಫೋನು.

"ಏನಪ್ಪ ಗಂಗರಾಜು, ಗಾಳಿ ಇವತ್ತು ಒದ್ದೆನಾ, ಒಣನಾ?"

"ಒಣ ಅಕ್ಕ. ಗೋಣಿತಾಟು ನೆನೆಸಿ ಕಟ್ಟಿ. ಮೊಬೈಲಲ್ಲೇ ಬರುತ್ತಲ್ಲ, ನೋಡ್ಕೋಬಾರ್ದಾ?"

"ಅದು ಬೆಂಗಳೂರು ಗಾಳಿ ಕಣಪ್ಪ. ನಮ್ಮ ಹುಳ ಅಲ್ಲಿಗೆ ಹೋಗಿಲ್ಲ."

ಈ ವರ್ಷ ಚೌಕದ ಮೂಲೆಯಲ್ಲಿ ಒಂದು ಕಂಬ ಎದ್ದಿತು. ಕಾಲು ಗಂಟೆಗೊಮ್ಮೆ ತಾನೇ ಅಳೆದು ತಾನೇ ಕಳಿಸುವ ಯಂತ್ರ. ಮೂರು ತಿಂಗಳು ಎರಡೂ ಜೊತೆಯಲ್ಲಿ ನಡೆಯಬೇಕು. ಹೊಂದಿದರೆ ಹಳೆಯದೂ ಇರಲಿ, ಹೊಂದದಿದ್ದರೆ ಪೆಟ್ಟಿಗೆ ಸಮೇತ ಗುಜರಿಗೆ. ವರದಿ ಬರೆಯಲು ಚಿಕ್ಕಬಳ್ಳಾಪುರದಿಂದ ಬಂದವಳು ತನುಜ, ಮೂವತ್ತರ ಅಧಿಕಾರಿ. ಅವಳು ಬಂದ ತಿಂಗಳ ಕೊನೆಗೇ ಗಂಗರಾಜು ನಿವೃತ್ತಿ. ಹಾರ, ಶಾಲು, ಮೈಸೂರುಪಾಕು ಎಲ್ಲ ನಿಗದಿಯಾಗಿತ್ತು.

ಅಂಕಿ ಹೊಂದಲಿಲ್ಲ. ಪೆಟ್ಟಿಗೆಯದು ದಿನವೂ ಅರ್ಧ ಡಿಗ್ರಿ ಹೆಚ್ಚು.

"ವಿಚಿತ್ರ ಗಂಗರಾಜಣ್ಣ," ತನುಜ ಚೌಕದ ಪಕ್ಕದ ಕಚೇರಿ ಕೋಣೆಯಲ್ಲಿ ಕಾಗದ ಹರಡಿದಳು. "ಪೆಟ್ಟಿಗೇಲಿ ನಾಲ್ಕು ಥರ್ಮಾಮೀಟರು. ಮಲಗಿಸಿರೋ ಎರಡೂ ಯಂತ್ರಕ್ಕೆ ಸರಿಯಾಗಿವೆ. ನಿಲ್ಲಿಸಿರೋ ಒಣ ಬಲ್ಬು, ಒದ್ದೆ ಬಲ್ಬು, ಎರಡೇ ಜಾಸ್ತಿ. ಹಳೇದಾಗಿ ಕೆಟ್ಟಿರಬೇಕು. ಉಪಕರಣ ದೋಷ ಅಂತ ಬರೆದುಬಿಡ್ಲಾ?"

"ಬರೀರಿ ಮೇಡಂ," ಅಂದರು ಗಂಗರಾಜು. ಹೊರಗೆ ಹೋಗಿ ಗಾಜಿನ ಗುಂಡನ್ನು ಒರೆಸಿದರು. ಅದಾಗಲೇ ಶುದ್ಧವಾಗಿತ್ತು. ಮತ್ತೆ ಒರೆಸಿದರು.

ವಾಪಸು ಬಂದಾಗ ತನುಜ ಇನ್ನೂ ಪೆನ್ನು ಹಿಡಿದೇ ಇದ್ದಳು.

"ಬರೀಬೇಡಿ ಮೇಡಂ. ಥರ್ಮಾಮೀಟರು ಸರಿಯಾಗಿದೆ. ನೀವೇ ಒಂದ್ಸಲ ಬಂದು ನೋಡಿ."

ಎರಡು ಗಂಟೆಗೆ ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತರು. ಗಂಗರಾಜು ನಿಂತಲ್ಲಿಂದಲೇ ಓದಿದರು: ಮೂವತ್ತಮೂರೂವರೆ. ತನುಜ ಬಗ್ಗಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ಓದಿದಳು: ಮೂವತ್ತಮೂರು. ಯಂತ್ರದಲ್ಲೂ ಮೂವತ್ತಮೂರೇ. ಗೆರೆ ಗಾಜಿನ ಮೇಲೆ, ಪಾದರಸ ಗಾಜಿನ ಒಳಗೆ. ಮೇಲಿನಿಂದ ನೋಡಿದ ಕಣ್ಣಿಗೆ ಅದು ಇದ್ದುದಕ್ಕಿಂತ ಎತ್ತರ ಕಾಣುತ್ತದೆ.

"ಮಂಡಿ ಮೇಡಂ. ಬೈಕು ಜಾರಿ ಬಿದ್ದ ಮೇಲೆ ಬಗ್ಗೋಕಾಗ್ತಿರಲಿಲ್ಲ. ಮೊದಮೊದಲು ಎರಡು ದಿನ ಅಂದ್ಕೊಂಡೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ತಪಾಸಣೆಗೆ ಬಂದಾಗ ಮಾತ್ರ ಹಲ್ಲು ಕಚ್ಕೊಂಡು ಬಗ್ತಿದ್ದೆ."

"ಎಷ್ಟು ವರ್ಷದಿಂದ?"

"ನಾಲ್ಕಾಗಿರಬೇಕು."

"ಒಂದು ಸ್ಟೂಲ್ ಹಾಕ್ಕೊಂಡು ಕೂತು ಓದಬಹುದಿತ್ತಲ್ಲ ಅಣ್ಣ."

ಗಂಗರಾಜು ಪೆಟ್ಟಿಗೆಯನ್ನು ನೋಡಿದರು. ನಾಲ್ಕು ವರ್ಷದಲ್ಲಿ ಸ್ಟೂಲು ಅವರಿಗೆ ಹೊಳೆದೇ ಇರಲಿಲ್ಲ.

"ನಾಲ್ಕು ವರ್ಷದ ಅಂಕೀನೂ ಅನುಮಾನ ಅಂತ ಗುರುತು ಹಾಕಬೇಕಾಗುತ್ತೆ," ಅಂದಳು ತನುಜ, ಮೆಲ್ಲಗೆ. "ಮೇಲಿನವರು ವಿವರಣೆ ಕೇಳ್ತಾರೆ. ಶಾಲು ಹೊದಿಸೋ ಹೊತ್ತಲ್ಲೇ."

"ಕೇಳಲಿ. ಅದಲ್ಲ ಮೇಡಂ, ಜಂಗಮಕೋಟೆ ಅಕ್ಕಂಗೆ ದಿನಾ ತೇವ ಹೇಳ್ತಿದ್ದೆ. ಅವರ ಹುಳ?"

ತನುಜ ಲೆಕ್ಕ ಹಾಕಿದಳು. ಗಾಳಿಯ ತೇವ ಸಿಗುವುದು ಒಣ ಬಲ್ಬು, ಒದ್ದೆ ಬಟ್ಟೆ ಸುತ್ತಿದ ಬಲ್ಬು, ಈ ಎರಡರ ಅಂಕಿಗಳ ಅಂತರದಿಂದ. ಎರಡೂ ಒಂದೇ ಸಮ ಹೆಚ್ಚಾಗಿದ್ದರೆ ಅಂತರ ಅಷ್ಟೇ. "ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ. ಹುಳ ಚೆನ್ನಾಗೇ ಗೂಡು ಕಟ್ಟಿರುತ್ವೆ."

ಗಂಗರಾಜು ಆಗ ಕೋಣೆಯ ಮೆಟ್ಟಿಲ ಮೇಲೆ ಕುಳಿತುಕೊಂಡರು.

"ಗುರುತು ಯಾವತ್ತಿಂದ ಹಾಕ್ಲಿ? ತಾರೀಖು ನೆನಪಿದ್ಯಾ?"

"ತಾರೀಖಿಲ್ಲ. ರಸ್ತೆ ಒದ್ದೆ ಇತ್ತು. ಅಕಾಲದ ಮಳೆ."

ಕೋಣೆಯ ಬೀರುವಿನಿಂದ ಹಳೆಯ ರಿಜಿಸ್ಟರುಗಳು ಇಳಿದವು. ಜನವರಿ ಒಣ, ಫೆಬ್ರವರಿ ಒಣ, ಅಂಕಣದ ತುಂಬ ಸೊನ್ನೆ. ಮಾರ್ಚಿನ ನಡುವೆ ಒಂದೇ ಒಂದು ಮಳೆ, ಹದಿನಾಲ್ಕು ಮಿಲಿಮೀಟರು, ಅವರದೇ ದುಂಡಗಿನ ಅಕ್ಷರದಲ್ಲಿ. ಆ ಬೆಳಿಗ್ಗೆ ಮಳೆ ಅಳೆದು ಬರೆದು, ಬೈಕು ಹತ್ತಿ ಹೊರಟಿದ್ದರು. ಮುಂದಿನ ಹನ್ನೊಂದು ದಿನ ಕಾವಲುಗಾರ ಎರ್ರಪ್ಪನ ಓರೆಕೋರೆ ಅಂಕಿಗಳು. ಹನ್ನೆರಡನೆಯ ದಿನ ಮತ್ತೆ ದುಂಡಗಿನ ಅಕ್ಷರ.

"ಎರ್ರಪ್ಪಂದು ಸರಿಯಾಗೇ ಇರುತ್ತೆ ಮೇಡಂ. ಕುಳ್ಳ ಅವನು," ಅಂದರು ಗಂಗರಾಜು.

ಹನ್ನೆರಡನೆಯ ದಿನದ ಸಾಲಿನ ಕೊನೆಯಲ್ಲಿ ಷರಾ ಎಂಬ ಅಂಕಣ ಖಾಲಿಯಿತ್ತು. ತನುಜಳಿಂದ ಪೆನ್ನು ಇಸಿದುಕೊಂಡು ಅಲ್ಲಿ ಬರೆದರು: ಇಲ್ಲಿಂದ ಮುಂದೆ ನಿಂತು ಓದಿದ್ದು. ಕೆಳಗೆ ಸಹಿ, ಇವತ್ತಿನ ತಾರೀಖು. ಶಾಯಿ ಆರುವವರೆಗೆ ಪುಟವನ್ನು ಮುಚ್ಚಲಿಲ್ಲ.